ನಲವತ್ತೊಂದು ಸರ್ಟಿಫಿಕೇಟು, ಒಂದು ಕಳೆಯುವ ಲೆಕ್ಕ

ಈ ಪ್ರಕರಣದ ಶಿಕ್ಷಕಿಯ ಹೆಸರನ್ನಾಗಲಿ ಊರನ್ನಾಗಲಿ ಬರೆಯುತ್ತಿಲ್ಲ. ಅರಸೀಕೆರೆ ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಏಳು ತರಗತಿಗೆ ನಾಲ್ಕು ಜನ ಶಿಕ್ಷಕರು ಅಂದರೆ ಸಾಕು. ಅಂಥ ಶಾಲೆ ಎಲ್ಲ ತಾಲ್ಲೂಕಿನಲ್ಲೂ ಇದೆ. ನಾನು ಆ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ). ನಾಲ್ಕು ವರ್ಷದಿಂದ ಪಾಠ ಬಿಟ್ಟು ಶಾಲೆ ಸುತ್ತುತ್ತಿದ್ದೇನೆ. ಬರೆದದ್ದನ್ನು ಮೇಡಂಗೆ ಓದಲು ಕೊಟ್ಟಿದ್ದೆ. "ಇಂಗ್ಲಿಷ್ ಮಾರ್ಕ್ಸ್ ತೆಗೆದ್ಬಿಡಿ ಸರ್" ಎಂದರು. ಎರಡು ದಿನ ಬಿಟ್ಟು ಫೋನ್ ಮಾಡಿ "ಇರ್ಲಿ ಬಿಡಿ" ಎಂದರು.

2025ರ ಸೆಪ್ಟೆಂಬರಿನ ಮೊದಲ ಶನಿವಾರ ನಮ್ಮ ಸಮಾಲೋಚನಾ ಸಭೆ ಇತ್ತು. ಅಜೆಂಡಾದಲ್ಲಿ ಮೊಟ್ಟೆ ಬಾಳೆಹಣ್ಣಿನ ಲೆಕ್ಕದಿಂದ ಹಿಡಿದು ಓದುವ ಮೂಲೆಯವರೆಗೆ ಏನೇನೋ ಇತ್ತು, ಆದರೆ ಯಾರ ಮನಸ್ಸೂ ಅದರಲ್ಲಿರಲಿಲ್ಲ. ಆ ವಾರದ ಸೋಮವಾರ, ಸೆಪ್ಟೆಂಬರ್ 1ರಂದು, ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು. ಒಂದರಿಂದ ಎಂಟನೇ ತರಗತಿಗೆ ಪಾಠ ಮಾಡುವವರಲ್ಲಿ ನಿವೃತ್ತಿಗೆ ಇನ್ನೂ ಐದು ವರ್ಷಕ್ಕಿಂತ ಹೆಚ್ಚು ಸಮಯ ಇರುವವರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು, ಆಗದಿದ್ದರೆ ಕೆಲಸ ಬಿಡಬೇಕು. ಐದು ವರ್ಷಕ್ಕಿಂತ ಕಡಿಮೆ ಇರುವವರು ಹಾಗೇ ಮುಂದುವರಿಯಬಹುದು, ಆದರೆ ಬಡ್ತಿ ಬೇಕೆಂದರೆ ಅವರೂ ಬರೆಯಲೇಬೇಕು. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಗಿ ಟಿಇಟಿ ಅನ್ನುವ ಹೆಸರು ಕೇಳಿಬಂದಾಗ, ಅದು ಹೊಸದಾಗಿ ಬರುವವರಿಗೆ, ನಮಗಲ್ಲ ಎಂದುಕೊಂಡು ನಾವೆಲ್ಲ ನೆಮ್ಮದಿಯಾಗಿದ್ದೆವು. ಹದಿನೈದು ವರ್ಷದ ನೆಮ್ಮದಿ ಒಂದು ಸೋಮವಾರ ಹೋಯಿತು.

ಮೇಡಂಗೆ ಆಗ ನಲವತ್ತನಾಲ್ಕು ವರ್ಷ. ಸಭೆಗೆ ಬರುವಾಗ ಒಂದು ದಪ್ಪ ಪ್ಲಾಸ್ಟಿಕ್ ಫೈಲು ತಂದಿದ್ದರು. ಅದನ್ನು ನನ್ನ ಮೇಜಿನ ಮೇಲೆ ಹಾಕಿ, "ಇದನ್ನ ಕೋರ್ಟಿಗೆ ಕಳಿಸ್ಬೋದಾ ಸರ್?" ಎಂದು ಕೇಳಿದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಫೈಲಿನಲ್ಲಿ ಏನಿತ್ತು

ಪಿಯುಸಿ ನಂತರದ ಶಿಕ್ಷಕರ ತರಬೇತಿ ಟಿಸಿಎಚ್ ಮುಗಿಸಿ 2002ರಲ್ಲಿ ಕೆಲಸಕ್ಕೆ ಸೇರಿದವರು ಅವರು. ಮಗಳು ತೊಟ್ಟಿಲಲ್ಲಿದ್ದಾಗ ದೂರಶಿಕ್ಷಣದಲ್ಲಿ ಬಿ.ಎ. ಮಾಡಿದರು. ಮಗಳು ಅ ಆ ಕಲಿಯುವ ಹೊತ್ತಿಗೆ ಬಿ.ಇಡಿ. ಆಯಿತು. ಎರಡಕ್ಕೂ ಸ್ವಂತ ದುಡ್ಡು, ಬೇಸಿಗೆ ರಜೆಯಲ್ಲಿ ಕಾಂಟ್ಯಾಕ್ಟ್ ಕ್ಲಾಸು, ಅತ್ತೆಯ ಗೊಣಗಾಟ. ಓದಿದರೆ ಮೇಲಿನ ತರಗತಿಗೆ ಹೋಗಬಹುದು, ಮುಂದೆ ಬಡ್ತಿ ಸಿಗಬಹುದು ಅನ್ನುವ ಆಸೆ. 2017ರಲ್ಲಿ ವೃಂದ ಮತ್ತು ನೇಮಕಾತಿ ನಿಯಮ ಬದಲಾಯಿತು. ಆರರಿಂದ ಎಂಟನೇ ತರಗತಿಗೆ ಪದವೀಧರ ಪ್ರಾಥಮಿಕ ಶಿಕ್ಷಕರು ಎಂಬ ಬೇರೆ ವೃಂದ ಬಂತು. ಒಂದರಿಂದ ಏಳಕ್ಕೆ ಎಂದು ನೇಮಕವಾಗಿದ್ದ ಇವರು ದಾಖಲೆಯಲ್ಲಿ ಒಂದರಿಂದ ಐದರವರಾದರು. ಪಾಠ ಮಾತ್ರ ಏಳನೇ ತರಗತಿಯವರೆಗೂ ಮಾಡುತ್ತಲೇ ಇದ್ದಾರೆ, ಸಮಾಜ ವಿಜ್ಞಾನ ಅವರದೇ. ಹೀಗೆ ಕೆಳಗಿಳಿದ ಹಳೆಯ ಪ್ರಾಥಮಿಕ ಶಾಲಾ ಶಿಕ್ಷಕರ ಯಾವ ಗುಂಪಿನಲ್ಲಿ ಕೂತರೂ ಈ ವಿಷಯ ಹತ್ತು ನಿಮಿಷದೊಳಗೆ ಬಂದೇ ಬರುತ್ತದೆ, ಹಾಗಾಗಿ ಇಲ್ಲಿ ಎಳೆಯುವುದಿಲ್ಲ.

ಫೈಲಿನ ಉಳಿದ ಭಾಗವೆಲ್ಲ ದೀಕ್ಷಾ ಆ್ಯಪಿನ, ಅಂದರೆ ಶಿಕ್ಷಕರಿಗೆ ಆನ್‌ಲೈನ್ ಕೋರ್ಸು ಕೊಡುವ ಸರ್ಕಾರಿ ಆ್ಯಪಿನ, ಪ್ರಮಾಣಪತ್ರಗಳು. ಪ್ರಿಂಟು ತೆಗೆಸಿ, ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದರು. ಎಣಿಸಿದೆ. ಕೊರೋನಾ ಕಾಲದಲ್ಲಿ ನಿಷ್ಠಾ ಎಂಬ ಕೇಂದ್ರದ ಶಿಕ್ಷಕರ ತರಬೇತಿಯದು 18, ಆಮೇಲೆ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನದ 12, ಬಿಡಿಬಿಡಿಯಾಗಿ ಮಾಡಿದ್ದು 11. ಒಟ್ಟು ನಲವತ್ತೊಂದು.

"ಇದ್ರಲ್ಲಿ ಯಾವ್ದು ಉಪಯೋಗಕ್ಕೆ ಬಂತು ಮೇಡಂ?" ಎಂದು ನಾನು ಸುಮ್ಮನೆ ಮಾತಿಗೆ ಕೇಳಿದೆ.

"ನಿಮ್ಮ ಪರ್ಸೆಂಟೇಜಿಗೆ ಬಂತಲ್ಲ ಸರ್."

ಅದು ನಿಜ. ಇದನ್ನು ನಾನೇ ಒಪ್ಪಿಕೊಳ್ಳದಿದ್ದರೆ ಈ ಪ್ರಕರಣ ಬರೆಯುವುದರಲ್ಲಿ ಅರ್ಥವಿಲ್ಲ. ನಾನು ಸಿಆರ್‌ಪಿ ಆದ ಹೊಸತರಲ್ಲಿ ದಿನಾ ಸಂಜೆ ಒಂದು ಗೂಗಲ್ ಶೀಟು ಬರುತ್ತಿತ್ತು. ಪ್ರತಿ ಶಾಲೆಯ ಹೆಸರಿನ ಮುಂದೆ ಹಸಿರು, ಹಳದಿ, ಇಲ್ಲವೇ ಕೆಂಪು. ನಮ್ಮ ಕ್ಲಸ್ಟರಿನಲ್ಲಿ ಕೆಂಪು ಕಂಡರೆ ನನಗೆ ಫೋನು, ನನ್ನಿಂದ ಅವರಿಗೆ ಫೋನು. ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಗುಂಪಿನಲ್ಲಿ "ಇನ್ನೂ ಮುಗಿಸದವರು" ಎಂದು ಹೆಸರು ಹಾಕಿದವನು ನಾನೇ. ಕೊನೆಯ ಪ್ರಶ್ನಾವಳಿಯ ಉತ್ತರಗಳು ಗುಂಪಿನಿಂದ ಗುಂಪಿಗೆ ಓಡಾಡುತ್ತಿದ್ದವು. ನೋಡಿಯೂ ನೋಡದ ಹಾಗಿದ್ದೆ. ಒಮ್ಮೆ ನಾನೇ ಫಾರ್ವರ್ಡ್ ಮಾಡಿದ್ದೂ ಉಂಟು.

ಮೇಡಂ ಆ ಕೋರ್ಸುಗಳನ್ನು ಹೇಗೆ ಮುಗಿಸಿದರು ಎಂದು ಬಿಚ್ಚಿ ಹೇಳಿದರು. ಅಡುಗೆಮನೆ ಕಟ್ಟೆಯ ಮೇಲೆ ನೀರಿನ ಚೊಂಬಿಗೆ ಫೋನ್ ಒರಗಿಸಿ, ದನಿ ಸಣ್ಣ ಮಾಡಿ, ವಿಡಿಯೋ ಓಡಿಸಿ ಮುದ್ದೆ ತಿರುವುವುದು. ವಿಡಿಯೋ ನಿಂತರೆ ಮಗಳು ಬಂದು ಮುಂದಿನದನ್ನು ಒತ್ತುತ್ತಿದ್ದಳು. "ಆ ಸರ್ಟಿಫಿಕೇಟಲ್ಲಿ ಅರ್ಧ ನನ್ ಮಗಳದ್ದು."

ಕೋರ್ಸುಗಳಲ್ಲಿ ಹುರುಳಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆಮೇಲೆ ಕೆಲವನ್ನು ಪುರುಸೊತ್ತಿನಲ್ಲಿ ಕೂತು ನೋಡಿದೆ, ಚೆನ್ನಾಗಿಯೇ ಇದ್ದವು. ಮಗುವಿನ ಉತ್ತರವನ್ನು ಕೇಳಿಸಿಕೊಳ್ಳಿ, ತಪ್ಪಿನ ಹಿಂದಿನ ಯೋಚನೆ ಹುಡುಕಿ ಅನ್ನುವ ಮಾತು ಅಲ್ಲೂ ಇತ್ತು. ಆದರೆ ಯಾವ ಕೋರ್ಸೂ ಅವರನ್ನು "ನಿಮ್ಮ ಐದನೇ ತರಗತಿಯಲ್ಲಿ ಈ ವಾರ ಏನಾಯಿತು?" ಎಂದು ಕೇಳಲಿಲ್ಲ. ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಬೆಳವಣಿಗೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಬೆಳವಣಿಗೆಯನ್ನು ಎಣಿಸಲು ಬಾರದ ನಾವು ಗಂಟೆಯನ್ನು ಎಣಿಸಿದೆವು.

ಇಪ್ಪತ್ತಮೂರು ವರ್ಷದಲ್ಲಿ ನೆನಪಿರುವ ತರಬೇತಿ ಯಾವುದು ಎಂದು ಕೇಳಿದೆ. ಯೋಚಿಸಲೇ ಇಲ್ಲ, "ನಲಿ ಕಲಿ" ಎಂದರು. ಚಿಕ್ಕ ತರಗತಿಯ ಮಕ್ಕಳು ಚಟುವಟಿಕೆ ಮಾಡುತ್ತಾ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು ರಾಜ್ಯದ ಎಲ್ಲ ಶಾಲೆಗೂ ಬಂದದ್ದು 2009ರ ಹೊತ್ತಿಗೆ. ಅದಕ್ಕೆ ಸರ್ಟಿಫಿಕೇಟು ಕೊಟ್ಟಿದ್ದರೋ ಇಲ್ಲವೋ ಅವರಿಗೆ ನೆನಪಿಲ್ಲ. ನೆನಪಿರುವುದು ಬೆಂಚು ಹೊರಗೆ ಹಾಕಿಸಿದ್ದು, ಗೋಡೆಯ ಬುಡಕ್ಕೆ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿಸಿದ್ದು, ಕಲಿಕೆಯ ಮೆಟ್ಟಿಲು ತೋರಿಸುವ ಚಾರ್ಟು ನೇತುಹಾಕಿದ್ದು, ನೆಲದ ಮೇಲೆ ಮಕ್ಕಳ ಜೊತೆ ಚಕ್ಕಳಮಕ್ಕಳ ಹಾಕಿ ಕೂತು ಮೊದಲ ವಾರ ಮಂಡಿ ನೋವು ಬಂದದ್ದು. "ವಾಪಸ್ ಬಂದು ರೂಮೇ ಬದಲಾಯಿಸ್ಬೇಕಾಯ್ತು ಸರ್. ಅದಕ್ಕೇ ನೆನಪಿದೆ."

ಗೈಡಿನ ಪ್ರಶ್ನೆ

ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ದಸರಾ ರಜೆ ನಮ್ಮ ಪಾಲಿಗೆ ಮನೆ ಮನೆ ಸುತ್ತುವ ಕೆಲಸವಾಯಿತು. ಸಮೀಕ್ಷೆ ಮುಗಿಯಲಿಲ್ಲವೆಂದು ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಮೇಡಂ ಬ್ಯಾಗಿನಲ್ಲಿ ಸಮೀಕ್ಷೆಯ ಕಾಗದದ ಜೊತೆ ಟಿಇಟಿ ಗೈಡು ಇಟ್ಟುಕೊಂಡು ತಿರುಗಿದರು. ಸರ್ವರ್ ಕೈಕೊಟ್ಟಾಗ ಯಾರದೋ ಮನೆಯ ಜಗುಲಿಯ ಮೇಲೆ ಕೂತು ಮಕ್ಕಳ ಮನೋವಿಜ್ಞಾನಿ ಪಿಯಾಜೆಯ ಸಿದ್ಧಾಂತ ಓದಿದೆ ಎಂದು ಹೇಳಿದರು. ಆ ಮನೆಯ ಅಜ್ಜಿ, "ಏನವ್ವ, ಮೇಡಮ್ಮೋರಿಗೂ ಪರೀಕ್ಷೇನಾ?" ಎಂದು ಮಜ್ಜಿಗೆ ಕೊಟ್ಟರಂತೆ.

ಟಿಇಟಿಯ ಒಂದನೇ ಪತ್ರಿಕೆಯಲ್ಲಿ 150 ಪ್ರಶ್ನೆ, 150 ಅಂಕ. ಶಿಶು ವಿಕಸನ ಮತ್ತು ಬೋಧನಾಶಾಸ್ತ್ರ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಪ್ರತಿಯೊಂದಕ್ಕೂ ಮೂವತ್ತು. ಗಣಿತದ ಮೂವತ್ತರಲ್ಲಿ ಅರ್ಧ ಲೆಕ್ಕ, ಅರ್ಧ ಲೆಕ್ಕವನ್ನು ಹೇಗೆ ಕಲಿಸಬೇಕು ಅನ್ನುವುದು. ಈ ಎರಡನೇ ಅರ್ಧಕ್ಕೆ ಕೋಚಿಂಗಿನವರು ಒಂದು ಉಪಾಯ ಹೇಳಿಕೊಡುತ್ತಾರೆ: ನಾಲ್ಕು ಉತ್ತರಗಳಲ್ಲಿ ಮಗುವಿನ ಪರವಾಗಿ ಯಾವುದು ಮಾತಾಡುತ್ತದೋ ಅದಕ್ಕೆ ಗುರುತು ಹಾಕಿ, ಹತ್ತರಲ್ಲಿ ಎಂಟು ಸರಿ. ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಅದೇ ಆ ಪರೀಕ್ಷೆಯ ಬಗ್ಗೆ ನನಗಿರುವ ಮುಖ್ಯ ತಕರಾರು ಕೂಡ.

ಮೇಡಂ ಗುರುತು ಹಾಕಿದ ಪ್ರಶ್ನೆ ಹೀಗಿತ್ತು: ಒಬ್ಬ ವಿದ್ಯಾರ್ಥಿ 52ರಿಂದ 38 ಕಳೆದು 26 ಎಂದು ಬರೆಯುತ್ತಾನೆ, ಶಿಕ್ಷಕರು ಮೊದಲು ಏನು ಮಾಡಬೇಕು? ಸರಿ ಉತ್ತರ ಬರೆಸಬೇಕೆ, ಇನ್ನೂ ಹತ್ತು ಲೆಕ್ಕ ಕೊಡಬೇಕೆ, ಹೇಗೆ ಮಾಡಿದೆ ಎಂದು ಕೇಳಬೇಕೆ, ಹಿಂದಿನ ತರಗತಿಯ ಪಾಠ ಮಾಡಬೇಕೆ. ಅವರು "ಕೇಳಬೇಕು" ಅನ್ನುವುದಕ್ಕೆ ಗುರುತು ಹಾಕಿ ಮುಂದೆ ಹೋದರು. ಉಪಾಯದ ಪ್ರಕಾರ.

ನವೆಂಬರಿನ ಮೊದಲ ವಾರ ಐದನೇ ತರಗತಿಯ ನೋಟ್‌ಬುಕ್ ತಿದ್ದುತ್ತಾ ಕೂತಿದ್ದಾರೆ. 403ರಿಂದ 167 ಕಳೆಯಿರಿ. ಮೊದಲ ಪುಸ್ತಕದಲ್ಲಿ 364. ಇಂಟು. ಎರಡನೆಯದರಲ್ಲೂ 364. ಇಂಟು. ಮೂರನೆಯದು 236, ಸರಿ. ನಾಲ್ಕನೆಯದು ಮತ್ತೆ 364. ಕಾಪಿ ಹೊಡೆದಿದ್ದಾರೆ ಅಂದುಕೊಂಡರು. ಆದರೆ ಒಂದನೇ ಬೆಂಚಿನವನೂ ಕೊನೇ ಬೆಂಚಿನವನೂ ಒಂದೇ ತಪ್ಪು ಮಾಡಿದ್ದಾರೆ. ಇಪ್ಪತ್ತಮೂರು ಮಕ್ಕಳಲ್ಲಿ ಹದಿನಾಲ್ಕು ಜನರದು 364.

"ಕೆಂಪು ಪೆನ್ ಕೈಲೇ ಇತ್ತು ಸರ್. ಗೈಡಿನ ಪ್ರಶ್ನೆ ನೆನಪಾಯ್ತು. 52, 38, 26. ಅದೇ ಇದು!"

ಒಬ್ಬ ಹುಡುಗನನ್ನು ಕರೆದು, ಬೈಯದೆ, ಹೇಗೆ ಮಾಡಿದೆ ಹೇಳು ಅಂದರು. ಅವನು ಮೊದಲು ಹೆದರಿ ಅಳಿಸಲು ರಬ್ಬರ್ ಹುಡುಕಿದ. ತಪ್ಪಾಯ್ತು ಅಂತ ಕರೆದಿಲ್ಲ, ಹೇಳು ಅಂದಮೇಲೆ ಹೇಳಿದ.

"ಏಳರಲ್ಲಿ ಮೂರು ಹೋದ್ರೆ ನಾಲ್ಕು. ಆರರಲ್ಲಿ ಸೊನ್ನೆ ಹೋದ್ರೆ ಆರು. ನಾಕರಲ್ಲಿ ಒಂದು ಹೋದ್ರೆ ಮೂರು."

"ಮೂರು ಮೇಲಿದೆ, ಏಳು ಕೆಳಗಿದೆ ಅಲ್ವೇನೋ? ಮೇಲಿನದರಲ್ಲಿ ಕೆಳಗಿನದು ಕಳೀಬೇಕು."

"ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಅಂತ ನೀವೇ ಹೇಳಿದ್ರಲ್ಲ ಮಿಸ್."

ಹೇಳಿದ್ದರು. ಎರಡನೇ ತರಗತಿಯಲ್ಲಿ ಇದೇ ಹುಡುಗನಿಗೆ, ಇದೇ ಮೇಡಂ. ಒಂದಂಕಿಯ ಲೆಕ್ಕದಲ್ಲಿ ಮಕ್ಕಳು ತಲೆಕೆಳಗು ಮಾಡದಿರಲಿ ಎಂದು ಹೇಳಿಕೊಟ್ಟ ಸುಲಭದ ಮಾತು. ಹುಡುಗ ಮೂರು ವರ್ಷ ಅದನ್ನು ನಿಯತ್ತಾಗಿ ಪಾಲಿಸಿದ್ದ. "ದಡ್ಡ ಅಂತ ಅಂದ್ಕೊಂಡಿದ್ದೆ ಸರ್. ನನ್ ಮಾತನ್ನ ಅವನಷ್ಟು ಚೆನ್ನಾಗಿ ಯಾರೂ ಕೇಳಿಸ್ಕೊಂಡಿಲ್ಲ."

ಸಾಲದಿಂದ ಚಿಲ್ಲರೆಗೆ

ಅವತ್ತೇ ಮಧ್ಯಾಹ್ನ ಹಲಗೆಯ ಮುಂದೆ ನಿಂತು ಹಳೆಯ ಕಥೆ ಹೇಳಿದರು. ಬಿಡಿಯ ಮನೆಯಲ್ಲಿ ಮೂರೇ ಇದೆ, ಏಳು ಬೇಕು, ಪಕ್ಕದ ದಶಕದ ಮನೆಗೆ ಸಾಲ ಕೇಳಲು ಹೋದರೆ ಅಲ್ಲಿ ಸೊನ್ನೆ, ಅವರು ನೂರರ ಮನೆಗೆ ಹೋಗಿ ಸಾಲ ತಂದು ಇವರಿಗೆ ಕೊಡುತ್ತಾರೆ. ನಮ್ಮ ಕಾಲದಿಂದ ನಡೆದುಬಂದ ಕಥೆ. ಮಕ್ಕಳು ಖುಷಿಯಾಗಿ ಕೇಳಿದರು. ಒಬ್ಬಳು ಕೈ ಎತ್ತಿ, "ಸಾಲ ವಾಪಸ್ ಯಾವಾಗ ಕೊಡೋದು ಮಿಸ್?" ಎಂದಳು. ಅವಳ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಇದ್ದಾರೆ. ಪ್ರತಿ ವಾರ ಕಂತು ಕಟ್ಟುವುದನ್ನು ನೋಡುವ ಮಗುವಿಗೆ ಸಾಲ ಅಂದರೆ ವಾಪಸ್ ಕೊಡುವಂಥದ್ದು. ಮೇಡಂ ಬಳಿ ಉತ್ತರ ಇರಲಿಲ್ಲ. ಮಾರನೇ ದಿನ ಮತ್ತೊಂದು ಲೆಕ್ಕ ಕೊಟ್ಟು ನೋಡಿದರೆ ಹೆಚ್ಚೇನೂ ಬದಲಾಗಿರಲಿಲ್ಲ.

ನಾನು ಆ ಶಾಲೆಗೆ ಹೋದದ್ದು ಅದರ ಮುಂದಿನ ಬುಧವಾರ, ಬೇರೆ ಯಾವುದೋ ಮಾಹಿತಿ ತೆಗೆದುಕೊಂಡು ಬರಲು. ಮೇಡಂ ನನ್ನನ್ನು ಆಫೀಸ್ ರೂಮಿಗೆ ಹೋಗಲು ಬಿಡದೆ ಸೀದಾ ತರಗತಿಗೆ ಕರೆದುಕೊಂಡು ಹೋದರು. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಗಣಿತ ಕಿಟ್ ಹೊರಗೆ ಬಂದಿತ್ತು. ಕಳೆದುಹೋದರೆ ಯಾರು ಹೊಣೆ ಎಂಬ ಭಯಕ್ಕೆ ನಮ್ಮ ಬಹಳ ಶಾಲೆಗಳಲ್ಲಿ ಅದು ಬೀರು ಬಿಟ್ಟು ಬರುವುದು ಫೋಟೋ ತೆಗೆಯುವ ದಿನ ಮಾತ್ರ. ಅದರೊಳಗಿನ ಆಟದ ನೋಟುಗಳು ನೆಲದ ಮೇಲೆ ಹರಡಿದ್ದವು. ನೂರರದು, ಹತ್ತರದು, ಒಂದರದು. ಸಾಲದೇ ಹೋದದ್ದನ್ನು ಮಕ್ಕಳೇ ರಟ್ಟಿನಲ್ಲಿ ಕತ್ತರಿಸಿದ್ದರು.

ನನ್ನ ಬ್ಯಾಗಿನಲ್ಲಿ ತರಗತಿ ವೀಕ್ಷಣೆಯ ನಮೂನೆ ಇತ್ತು, ಹೌದು ಇಲ್ಲ ಎಂದು ಟಿಕ್ ಹಾಕುವಂಥದ್ದು. ಅವತ್ತು ಅದನ್ನು ತೆಗೆಯದೆ ಹಿಂದೆ ಕೂತು ಮಕ್ಕಳು ಆಡಿದ ಮಾತನ್ನಷ್ಟೇ ಬರೆದುಕೊಂಡೆ. ಸಿಆರ್‌ಪಿ ಆದಮೇಲೆ ಮೊದಲ ಸಲ.

ಒಬ್ಬ ಹುಡುಗ ಗಿರಾಕಿ, ಕೈಯಲ್ಲಿ ನೂರರ ನಾಲ್ಕು ನೋಟು, ಒಂದು ರೂಪಾಯಿಯದು ಮೂರು. ಕಡಲೇಕಾಯಿ ಅಂಗಡಿಯವಳಿಗೆ 167 ಕೊಡಬೇಕು. ನೂರು ಕೊಟ್ಟ. ಅರವತ್ತು ಕೊಡಲು ಹತ್ತರ ನೋಟೇ ಇಲ್ಲ. ನಿಂತ. ಪಕ್ಕದಲ್ಲಿ ಬ್ಯಾಂಕು ಅಂತ ಒಬ್ಬಳು ಕೂತಿದ್ದಳು.

"ಚಿಲ್ಲರೆ ಕೊಡಮ್ಮ."

ಒಂದು ನೂರು ಕೊಟ್ಟು ಹತ್ತರ ಹತ್ತು ನೋಟು ಎಣಿಸಿಕೊಂಡ. ಅದರಲ್ಲಿ ಒಂದನ್ನು ಮತ್ತೆ ಅವಳಿಗೇ ಕೊಟ್ಟು ಒಂದರ ಹತ್ತು ತೆಗೆದುಕೊಂಡ. ಮೇಡಂ ತಡೆದು, "ಈಗ ನಿನ್ ಹತ್ರ ಎಷ್ಟಿದೆ, ಕಡಿಮೆ ಆಯ್ತಾ?" ಎಂದು ಕೇಳಿದರು. ಅಂಗಡಿಗೆ ಕೊಟ್ಟಿದ್ದ ನೂರನ್ನೂ ಅವನು ವಾಪಸ್ ಇಸಿದುಕೊಂಡು ಎಣಿಸಿದ. ಮೂರು ನೂರು, ಒಂಬತ್ತು ಹತ್ತು, ಹದಿಮೂರು ಒಂದು. "ಅಷ್ಟೇ ಇದೆ. ಚಿಲ್ಲರೆ ಮಾಡ್ಸಿದ್ರೆ ಕಮ್ಮಿ ಯಾಕಾಗುತ್ತೆ?" 167 ಕೊಟ್ಟ. ಕೈಯಲ್ಲಿ ಉಳಿದದ್ದು ಎರಡು ನೂರು, ಮೂರು ಹತ್ತು, ಆರು ಒಂದು.

ಸಾಲ ಅನ್ನುವ ಮಾತು ಹೋಗಿ ಚಿಲ್ಲರೆ ಅನ್ನುವ ಮಾತು ಬಂದಿತ್ತು. ಈ ಪದ ಬದಲಾವಣೆ ಚಿಕ್ಕದಲ್ಲ ಎಂದು ನನಗನ್ನಿಸುತ್ತದೆ. ಸಾಲದಲ್ಲಿ ಮೊತ್ತ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ, ಚಿಲ್ಲರೆಯಲ್ಲಿ ಮೊತ್ತ ನಮ್ಮದಾಗಿಯೇ ಉಳಿದು ರೂಪ ಮಾತ್ರ ಬದಲಾಗುತ್ತದೆ. ಕಳೆಯುವ ಲೆಕ್ಕದಲ್ಲಿ ನಡೆಯುವುದು ಎರಡನೆಯದು. ಇಪ್ಪತ್ತಮೂರು ವರ್ಷ ಸಾಲದ ಕಥೆ ಹೇಳಿದವರು ಸ್ತ್ರೀಶಕ್ತಿ ಸಂಘದ ಮನೆಯ ಒಂದು ಪ್ರಶ್ನೆಗೆ ಸಿಕ್ಕಿಬಿದ್ದು ಅದನ್ನು ಬಿಟ್ಟರು. ಇದಕ್ಕೆ ಎಷ್ಟು ಗಂಟೆ ಎಂದು ನಮೂದಿಸಲಿ?

ಶನಿವಾರ ಮಧ್ಯಾಹ್ನ

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅಕ್ಕಪಕ್ಕದ ಊರಿನ ಇನ್ನಿಬ್ಬರು ಶಿಕ್ಷಕರ ಜೊತೆ ಕೂರೋಣವೆಂದು ಮೇಡಂ ಅವರೇ ಹೇಳಿದರು. ಮೂವರೂ ಟಿಇಟಿ ಬರೆಯುವವರು. ಓದುವ ನೆಪದಲ್ಲಿ ಕೂತರೂ, ಮೊದಲ ಅರ್ಧ ಗಂಟೆ ಪ್ರತಿಯೊಬ್ಬರೂ ತಮ್ಮ ತರಗತಿಯ ಒಂದು ನೋಟ್‌ಬುಕ್ ತರಬೇಕು ಎಂದು ಮಾತಾಯಿತು. ಒಂದೇ ಒಂದು ಕಟ್ಟಳೆ: "ಮಕ್ಕಳು ಮನೇಲಿ ಓದಲ್ಲ", "ಅಪ್ಪ ಅಮ್ಮ ಗಮನ ಕೊಡಲ್ಲ" ಅನ್ನುವ ಎರಡು ಮಾತು ಆಡಬಾರದು. ಅವು ಸುಳ್ಳೆಂದಲ್ಲ. ಅವನ್ನು ಆಡಿದ ಮೇಲೆ ಮಾತು ಮುಂದಕ್ಕೆ ಹೋಗುವುದಿಲ್ಲ.

ಮೊದಲ ವಾರ ಪಕ್ಕದ ಊರಿನ ಮೇಷ್ಟ್ರು ಬರಿಗೈಯಲ್ಲಿ ಬಂದರು. ಇಪ್ಪತ್ತು ವರ್ಷ ಸರ್ವಿಸಿನವರು ತಮ್ಮ ಮಕ್ಕಳ ತಪ್ಪನ್ನು ಬೇರೆಯವರ ಮುಂದೆ ಇಡುವುದು ಸುಲಭವಲ್ಲ. ಅದು ತಮ್ಮದೇ ತಪ್ಪು ಎಂದು ಎದುರಿನವರು ಓದಿಬಿಡುತ್ತಾರೆ ಎಂಬ ಭಯ. ಎರಡನೇ ವಾರ ತಂದರು. ನಾಲ್ಕನೇ ತರಗತಿಯ ಹುಡುಗಿ ನಾಲ್ಕು ಸಾವಿರದ ಮೂರು ಅನ್ನುವುದನ್ನು 40003 ಎಂದು ಬರೆದಿದ್ದಳು. ಕೇಳಿದ ಹಾಗೆಯೇ ಬರೆದಿದ್ದಾಳೆ, ನಾಲ್ಕು, ಸಾವಿರದ ಸೊನ್ನೆಗಳು, ಮೂರು. ಆ ಒಂದು ಸಂಖ್ಯೆಯ ಮೇಲೆ ಮುಕ್ಕಾಲು ಗಂಟೆ ಮಾತು ನಡೆಯಿತು. ಟಿಇಟಿ ಗೈಡು ಮುಚ್ಚಿಯೇ ಇತ್ತು, ಅದಕ್ಕೆ ನಾನೇ ಬೈಸಿಕೊಂಡೆ.

ಇಲ್ಲಿ ಸ್ವಲ್ಪ ಆಚೆ ಹೋಗುತ್ತೇನೆ. ಅಮೆರಿಕದಲ್ಲಿ 1987ರಲ್ಲಿ ಶುರುವಾದ ಒಂದು ರಾಷ್ಟ್ರೀಯ ಮಂಡಳಿ ಇದೆ. ಕೆಲವು ವರ್ಷ ಪಾಠ ಮಾಡಿದ ಶಿಕ್ಷಕರು ಬೇಕೆಂದರೆ ಅದರಿಂದ ಉನ್ನತ ಪ್ರಮಾಣಪತ್ರ ಪಡೆಯಬಹುದು. ನಾಲ್ಕು ಭಾಗ, ಒಂದರಲ್ಲಿ ಮಾತ್ರ ಕೂತು ಬರೆಯುವ ಪರೀಕ್ಷೆ. ಉಳಿದ ಮೂರರಲ್ಲಿ ತಮ್ಮದೇ ತರಗತಿಯ ವಿಡಿಯೋ, ತಮ್ಮದೇ ಮಕ್ಕಳ ಬರವಣಿಗೆ, ಯಾಕೆ ಹಾಗೆ ಮಾಡಿದೆ ಎಂಬ ಶಿಕ್ಷಕರ ಬರಹ ಕೊಡಬೇಕು. ಭಾಗವೊಂದಕ್ಕೆ 475 ಡಾಲರ್, ನಾಲ್ಕೂ ಭಾಗಕ್ಕೆ 1,900. ಅದನ್ನು ಇಲ್ಲಿಗೆ ತಂದರೆ ಏನಾದೀತೆಂದು ನನಗೆ ಚೆನ್ನಾಗಿ ಗೊತ್ತು: ವಿಡಿಯೋ ತೆಗೆದುಕೊಡುವ ಅಂಗಡಿಗಳು ತಾಲ್ಲೂಕಿಗೆ ನಾಲ್ಕು ಹುಟ್ಟುತ್ತವೆ, ಬರಹ ಬರೆದುಕೊಡುವವರು ಇನ್ನೂ ನಾಲ್ಕು, ನನಗೊಂದು ಹೊಸ ಗೂಗಲ್ ಶೀಟು. ಆದರೂ ಶಿಕ್ಷಕರನ್ನು ಅಳೆಯಬೇಕೆಂದರೆ ಅವರ ಮಕ್ಕಳ ನೋಟ್‌ಬುಕ್ ಕೇಳಬೇಕು ಅನ್ನುವ ಮೂಲ ಯೋಚನೆ ಸರಿಯಾದದ್ದು. ನಮ್ಮಲ್ಲೂ ಶಿಕ್ಷಕರಿಗೆ ರಾಷ್ಟ್ರೀಯ ವೃತ್ತಿಪರ ಮಾನದಂಡ ಎಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ (ಎನ್‌ಸಿಟಿಇ) ದಾಖಲೆ ತಯಾರಿಸಿದೆ. ಅದು ನಮ್ಮ ಕ್ಲಸ್ಟರಿಗೆ ಬಂದಾಗ ಏನಾಗಿ ಬರುತ್ತದೆ ಎಂದು ನೋಡಬೇಕು.

ಶನಿವಾರದ ಕೂಟ ನಡೆದದ್ದು ಮೂರೇ ವಾರ. ಆಮೇಲೆ ಪರೀಕ್ಷೆ ಹತ್ತಿರ ಬಂತು, ಮೂವರೂ ಕೀ ಉತ್ತರದ ಪುಸ್ತಕಕ್ಕೆ ವಾಪಸಾದರು.

ಅಂಕಗಳು

ಮೊದಲು ಮಕ್ಕಳದು. ಡಿಸೆಂಬರ್ ಮಧ್ಯದಲ್ಲಿ ಮೇಡಂ ಅದೇ ಬಗೆಯ ಲೆಕ್ಕ ಕೊಟ್ಟರು, 502ರಿಂದ 238. ಇಪ್ಪತ್ತಮೂರರಲ್ಲಿ ಹದಿನೈದು ಮಕ್ಕಳು 264 ಎಂದು ಸರಿಯಾಗಿ ಬರೆದರು. ನವೆಂಬರಿನಲ್ಲಿ ಸರಿ ಮಾಡಿದ್ದವರು ನಾಲ್ಕೇ ಜನ. ಮೂವರು ಈಗಲೂ ದೊಡ್ಡದರಲ್ಲಿ ಚಿಕ್ಕದನ್ನೇ ಕಳೆಯುತ್ತಾರೆ. ಐದು ಜನರದು ಬೇರೆ ಬೇರೆ ತಪ್ಪು. ಅವರಲ್ಲಿ ಒಬ್ಬಳು ನವೆಂಬರಿನಲ್ಲಿ ಸರಿ ಉತ್ತರ ಬರೆದಿದ್ದವಳು. ನೋಟು, ಚಿಲ್ಲರೆ ಎಂದೆಲ್ಲ ಬಂದ ಮೇಲೆ ಅವಳಿಗೆ ಗೊಂದಲವಾಗಿದೆ. ಮೇಡಂಗೆ ಹದಿನೈದಕ್ಕಿಂತ ಹೆಚ್ಚಾಗಿ ಆ ಒಬ್ಬಳದೇ ಚಿಂತೆ. ಅವಳಿಗೆ ಹಳೆಯ ದಾರಿ ಸರಿಯಾಗಿತ್ತೇನೋ, ನಾನು ಕೆಡಿಸಿದೆನೇನೋ ಎಂದು ಎರಡು ಸಲ ಕೇಳಿದರು. ನೋಟು ಬದಿಗಿಟ್ಟು ಅವಳ ಹಳೆಯ ದಾರಿಯನ್ನೇ ಬಾಯಲ್ಲಿ ಹೇಳಿಸಿ ನೋಡಿ ಎಂದೆ. ಅದೇ ಸರಿ ಎನ್ನುವ ಖಾತ್ರಿ ನನಗೂ ಇರಲಿಲ್ಲ.

ಇನ್ನು ಮೇಡಂದು. ಡಿಸೆಂಬರಿನ ಮೊದಲ ಭಾನುವಾರ ಟಿಇಟಿ ಬರೆದರು. ಸಾಮಾನ್ಯ ವರ್ಗ ಮತ್ತು ಅವರ ಮೀಸಲಾತಿ ವರ್ಗದವರಿಗೆ ಶೇಕಡ 60, ಅಂದರೆ 90 ಅಂಕ ಬೇಕು. ಕೀ ಉತ್ತರ ಬಿಟ್ಟ ದಿನ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದರು. ಕನ್ನಡ 25, ಗಣಿತ 19, ಶಿಶು ವಿಕಸನ 17, ಪರಿಸರ 14, ಇಂಗ್ಲಿಷ್ 12. ಒಟ್ಟು 87.

ಮೂರು ಅಂಕ ಕಡಿಮೆ.

ನಾನೂ ಬರೆದಿದ್ದೆ, ನನ್ನ ನೇಮಕವೂ 2010ಕ್ಕಿಂತ ಹಿಂದಿನದು. ನನಗೆ 98 ಬಂತು. ನಾಲ್ಕು ವರ್ಷದಿಂದ ಒಂದು ತರಗತಿಗೂ ಪಾಠ ಮಾಡದವನು ನಾನು. ಸುತ್ತೋಲೆ ಓದಿ ಓದಿ ಇಂಗ್ಲಿಷ್ ಪರವಾಗಿಲ್ಲ ಅನ್ನುವ ಹಾಗಿದೆ, ಓದಲು ಹೊತ್ತೂ ಸಿಕ್ಕಿತ್ತು. ಅವರಿಗೆ ಈ ವಿಷಯ ಹೇಳಲು ನಾಲ್ಕು ದಿನ ತಡ ಮಾಡಿದೆ.

ಈ ಪ್ರಕರಣದಲ್ಲಿ ಟಿಇಟಿಯನ್ನು ಬೈದು ಮುಗಿಸುವುದು ಸುಲಭ. ಆದರೆ 364 ಅನ್ನುವ ಉತ್ತರದ ಮುಂದೆ ಆ ಕೆಂಪು ಪೆನ್ನು ನಿಂತದ್ದು ಟಿಇಟಿ ಗೈಡಿನ ಒಂದು ಪ್ರಶ್ನೆಯಿಂದ. ಅದೇ ಮಾತನ್ನು ನಲವತ್ತೊಂದು ಕೋರ್ಸುಗಳಲ್ಲಿ ಕೆಲವಾದರೂ ಹೇಳಿದ್ದವು, ಆಗ ಅದು ಚೊಂಬಿಗೆ ಒರಗಿದ ಫೋನಿನಲ್ಲಿತ್ತು. ಗೈಡನ್ನು ಅವರು ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿಂದಲಾದರೂ ಕಣ್ಣಿಟ್ಟು ಓದಿದ್ದರು. ಆದರೆ ಹೆದರಿಕೆ ಒಂದರಿಂದಲೇ ಆದದ್ದು ಇದು ಎಂದರೂ ತಪ್ಪಾಗುತ್ತದೆ. ಅದೇ ಗೈಡನ್ನು ಅದೇ ಹೆದರಿಕೆಯಲ್ಲಿ ನಾನೂ ಓದಿದ್ದೇನೆ, 52, 38, 26ರ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಿದ್ದೇನೆ. ನನ್ನ ಎದುರಿಗೆ ನೋಟ್‌ಬುಕ್ ಇರಲಿಲ್ಲ, ಅಷ್ಟೇ.

ಮೇಡಂಗೆ 2027ರ ಆಗಸ್ಟ್ ಕೊನೆಯವರೆಗೆ ಸಮಯ ಇದೆ. ಪಿಯುಸಿಯಲ್ಲಿರುವ ಮಗಳು ರಾತ್ರಿ ಊಟವಾದ ಮೇಲೆ ಅಮ್ಮನಿಗೆ ಇಂಗ್ಲಿಷ್ ಪಾಠ ಮಾಡುತ್ತಾಳೆ. ಒಂದೊಂದು ದಿನ ಅಮ್ಮನಿಗೇ ಬೈಯುತ್ತಾಳಂತೆ. ದೀಕ್ಷಾದಲ್ಲಿ ಹೊಸ ಕೋರ್ಸು ಬಂದರೆ ಈಗಲೂ ಮಾಡುತ್ತಾರೆ. ನನ್ನ ಶೀಟಿನಲ್ಲಿ ಅವರ ಶಾಲೆ ಈಗಲೂ ಹಸಿರು.

ಹೋದ ಗುರುವಾರ ಸಂಜೆ ಅವರಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಸರ್ಟಿಫಿಕೇಟಿನ ಸ್ಕ್ರೀನ್‌ಶಾಟ್ ಇರಬೇಕೆಂದು ತೆರೆದೆ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ, ಭಾಗಾಕಾರ. 612ನ್ನು 6ರಿಂದ ಭಾಗಿಸಿ 12 ಎಂದು ಉತ್ತರ. ಕೆಂಪು ಗುರುತು ಇರಲಿಲ್ಲ. ಕೆಳಗೆ ಬರೆದಿದ್ದರು: "ಒಂಬತ್ತು ಜನ ಹೀಗೇ ಮಾಡಿದಾರೆ ಸರ್. ಇದಕ್ಕೆ ನಾನೇನು ಹೇಳಿಕೊಟ್ಟಿದ್ದೆ ಅಂತ ಹುಡುಕ್ತಾ ಇದೀನಿ."

ಶನಿವಾರ ತನ್ನಿ ಎಂದು ಉತ್ತರ ಹಾಕಿದೆ.